ಮಸೀದಿ ನೋಡಲು ಬನ್ನಿ ಎನ್ನುವ ಮೊದಲು

ಮಸೀದಿಯೊಳಗೆ ಎಂದೂ ಕಾಲಿಡದವರು ಮೊದಲ ಸಲ ಬಾಗಿಲಿಗೆ ಬಂದು ನಿಂತಾಗ ಅವರ ತಲೆಯಲ್ಲಿ ಓಡುತ್ತಿರುವುದು ದೇವರು ಧರ್ಮದ ದೊಡ್ಡ ವಿಚಾರವೇನೂ ಆಗಿರುವುದಿಲ್ಲ. ಚಪ್ಪಲಿ ಎಲ್ಲಿ ಬಿಡಬೇಕು? ಕಾಲು ತೊಳೆಯಬೇಕೋ ಬೇಡವೋ? ತಲೆಗೆ ಬಟ್ಟೆ ಹಾಕಿಕೊಳ್ಳಬೇಕೇ? ಜೊತೆಗೆ ಬಂದ ಹೆಂಗಸರನ್ನು ಒಳಗೆ ಬಿಡುತ್ತಾರೋ ಇಲ್ಲವೋ? ಗೊತ್ತಿಲ್ಲದೆ ಮುಟ್ಟಬಾರದ್ದನ್ನು ಮುಟ್ಟಿಬಿಟ್ಟರೆ ಗತಿಯೇನು? ಒಂದೇ ಮಾತಿನಲ್ಲಿ ಹೇಳುವುದಾದರೆ ಮುಜುಗರ. ಬೇರೆ ಧರ್ಮದವರಿಗೆ ಮಸೀದಿ ತೋರಿಸುವ ಕಾರ್ಯಕ್ರಮವನ್ನು ಮಸೀದಿ ದರ್ಶನ, ಮಸೀದಿ ಪರಿಚಯ ಎಂದು ಯಾವ ಹೆಸರಿಟ್ಟು ಕರೆದರೂ ಮಸೀದಿ ಕಮಿಟಿಯ ಕೆಲಸದಲ್ಲಿ ಮುಕ್ಕಾಲು ಪಾಲು ಈ ಮುಜುಗರ ಕಳೆಯುವುದು, ಕಾಲು ಪಾಲು ಮಾತಾಡುವುದು. ಬಹಳ ಕಡೆ ಇದು ತಿರುವುಮುರುವಾಗುತ್ತದೆ. ಭಾಷಣದ ತಯಾರಿ ಭರ್ಜರಿಯಾಗಿರುತ್ತದೆ, ಅರವತ್ತು ಜೊತೆ ಚಪ್ಪಲಿಗೆ ಜಾಗ ಇರುವುದಿಲ್ಲ.

ಮೊದಲು ಒಳಗಿನವರ ಒಪ್ಪಿಗೆ

ಕಮಿಟಿಯಲ್ಲಿ ವಿಷಯ ಎತ್ತಿದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: ಮುಸ್ಲಿಮರಲ್ಲದವರು ಮಸೀದಿಯೊಳಗೆ ಬರಬಹುದೇ? ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಕೇಳುವವರಲ್ಲಿ ಹೆಚ್ಚಿನವರು ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳುತ್ತಾರೆ, ಉತ್ತರವೂ ಎಲ್ಲ ಕಡೆ ಒಂದೇ ಅಲ್ಲ. ಮಕ್ಕಾದ ಮಸ್ಜಿದುಲ್ ಹರಾಮ್‌ನ ವಿಷಯ ಬೇರೆ. ಬಹುದೇವಾರಾಧಕರು ಅದರ ಹತ್ತಿರ ಬರಬಾರದೆಂದು ಕುರ್‌ಆನಿನ 9ನೇ ಅಧ್ಯಾಯದ 28ನೇ ವಚನವೇ ಇದೆ. ಉಳಿದ ಮಸೀದಿಗಳ ಮಟ್ಟಿಗೆ ಧರ್ಮಶಾಸ್ತ್ರದ ಪಂಥಗಳು ಬೇರೆಬೇರೆ ಹೇಳುತ್ತವೆ: ಹನಫಿಗಳು ಅಡ್ಡಿ ಹೇಳುವುದಿಲ್ಲ, ಶಾಫಿಈಗಳು ಮುಸ್ಲಿಮರ ಅನುಮತಿ ಪಡೆದು ಬರಲಿ ಎನ್ನುತ್ತಾರೆ, ಮಾಲಿಕಿಗಳು ಬಿಗಿ. ಮಾಲಿಕಿ ಪದ್ಧತಿಯ ಮೊರಾಕ್ಕೊದಲ್ಲಿ ಬಹುತೇಕ ಮಸೀದಿಗಳು ಇವತ್ತಿಗೂ ಬೇರೆ ಧರ್ಮದವರಿಗೆ ತೆರೆದಿಲ್ಲ. ಆದರೆ ಅದೇ ದೇಶದ ಕಾಸಾಬ್ಲಾಂಕಾದಲ್ಲಿ 1993ರಲ್ಲಿ ಉದ್ಘಾಟನೆಯಾದ ಎರಡನೇ ಹಸನ್ ಮಸೀದಿಯನ್ನು ಮಾರ್ಗದರ್ಶಕರ ಜೊತೆ ಯಾರು ಬೇಕಾದರೂ ನೋಡಬಹುದು.

ಅವಕಾಶ ಇದೆ ಎನ್ನುವವರು ಪ್ರವಾದಿಯವರ ಕಾಲದ ಮೂರು ಪ್ರಸಂಗಗಳನ್ನು ಮುಂದಿಡುತ್ತಾರೆ. ತಾಯಿಫ್‌ನಿಂದ ಬಂದ ಸಕೀಫ್ ಗೋತ್ರದ ನಿಯೋಗ ಇನ್ನೂ ಇಸ್ಲಾಮ್ ಒಪ್ಪಿರದಿದ್ದಾಗಲೇ ಅವರಿಗೆ ಮದೀನಾದ ಮಸೀದಿಯಲ್ಲೇ ಬಿಡಾರ ಕೊಟ್ಟದ್ದು ಒಂದು. ನಜ್ರಾನಿನ ಕ್ರೈಸ್ತ ನಿಯೋಗ ಅದೇ ಮಸೀದಿಯಲ್ಲಿ ತಮ್ಮ ಪ್ರಾರ್ಥನೆ ಸಲ್ಲಿಸಿತೆಂದು ಇಬ್ನ್ ಇಸ್‌ಹಾಕರ ಚರಿತ್ರೆ ಹೇಳುವುದು ಇನ್ನೊಂದು. ಸೆರೆಸಿಕ್ಕ ಸುಮಾಮ ಇಬ್ನ್ ಉಸಾಲ್‌ನನ್ನು ಮಸೀದಿಯ ಕಂಬಕ್ಕೆ ಕಟ್ಟಿಹಾಕಿದ್ದರೆಂಬ ಬುಖಾರಿ ಎಂಬ ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಸಂಗ್ರಹದ ಮಾತು ಮೂರನೆಯದು. ಈ ಮೂರನೆಯದು ಕಮಿಟಿಯೊಳಗಿನ ಚರ್ಚೆಗೆ ಸಾಕು, ಅತಿಥಿಗಳ ಮುಂದೆ ಹೇಳಲು ಹೋಗಬೇಡಿ.

ಇಷ್ಟನ್ನೂ ಕಾರ್ಯದರ್ಶಿಗಿಂತ ಇಮಾಮರ ಬಾಯಿಂದ ಹೇಳಿಸಿದರೆ ತೂಕ ಹೆಚ್ಚು. ಆಮೇಲೆ ಮೂರು ವಿಷಯ ತೀರ್ಮಾನಿಸಿ ಬರೆದಿಡಿ: ಅತಿಥಿಗಳು ಯಾವ ಭಾಗದವರೆಗೆ ಬರಬಹುದು, ಅತಿಥಿ ಮಹಿಳೆಯರು ಎಲ್ಲಿ ಕೂರುತ್ತಾರೆ, ತಲೆಬಟ್ಟೆ ಕಡ್ಡಾಯವೋ ಅವರವರ ಇಷ್ಟವೋ. ಬಾಯಿಮಾತಿನಲ್ಲಿ ಬಿಟ್ಟರೆ ಆ ದಿನ ಬಾಗಿಲಲ್ಲಿ ನಿಂತ ನಾಲ್ವರು ನಾಲ್ಕು ಥರ ಹೇಳುತ್ತಾರೆ.

ಎರಡು ಶುಕ್ರವಾರ ಮೊದಲೇ ಜುಮಾದಲ್ಲಿ (ಶುಕ್ರವಾರದ ಸಾಮೂಹಿಕ ನಮಾಝ್) ಪ್ರಕಟಣೆ ಮಾಡಿಸಿ. ಆದರೂ ದಿನಾ ಐದು ಹೊತ್ತು ಬರುವ ಹಿರಿಯರೊಬ್ಬರಿಗೆ ಸುದ್ದಿ ತಲುಪಿರುವುದಿಲ್ಲ. ಮಿಹ್ರಾಬಿನ (ಮುಂದಿನ ಗೋಡೆಯ ಗೂಡು) ಹತ್ತಿರ ಮೊಬೈಲ್ ಹಿಡಿದು ನಿಂತ ಹುಡುಗಿಯನ್ನು ಕಂಡು ಅವರು ಗದರುತ್ತಾರೆ. ಅವರ ತಪ್ಪೂ ಅಲ್ಲ, ಹುಡುಗಿಯ ತಪ್ಪೂ ಅಲ್ಲ. ಆದರೆ ಬಂದವರು ಮನೆಗೆ ಹೋಗಿ ಹೇಳುವುದು ಆ ಒಂದು ಗದರಿಕೆಯನ್ನೇ. ಅಂಥ ಹಿರಿಯರಿಗೆ ಮನೆಗೇ ಹೋಗಿ ತಿಳಿಸಿ, ಸಾಧ್ಯವಾದರೆ ಬಾಗಿಲಲ್ಲಿ ಸ್ವಾಗತಿಸುವ ಕೆಲಸವನ್ನೇ ಅವರಿಗೆ ಒಪ್ಪಿಸಿ.

ದಿನ ಮತ್ತು ಹೊತ್ತು

ಜರ್ಮನಿಯ ಮಸೀದಿಗಳು 1997ರಿಂದ ಪ್ರತಿ ವರ್ಷ ಅಕ್ಟೋಬರ್ 3ರಂದು ಬಾಗಿಲು ತೆರೆಯುತ್ತವೆ. ಅದು ಆ ದೇಶ ಒಂದಾದ ದಿನ, ಎಲ್ಲರಿಗೂ ರಜೆ. ದಿನಾಂಕ ಬದಲಾಗದ ಕಾರಣ ಜನರಿಗೆ ನೆನಪಿರುತ್ತದೆ. ಬ್ರಿಟನ್ನಿನಲ್ಲಿ ಮುಸ್ಲಿಮ್ ಕೌನ್ಸಿಲ್ ಆಫ್ ಬ್ರಿಟನ್ 2015ರಲ್ಲಿ ಇಂಥದ್ದೇ ಕಾರ್ಯಕ್ರಮವನ್ನು ಇಪ್ಪತ್ತರಷ್ಟು ಮಸೀದಿಗಳಲ್ಲಿ ಶುರುಮಾಡಿತು. 2018ರ ಹೊತ್ತಿಗೆ ಸಂಖ್ಯೆ 200 ದಾಟಿತ್ತು. ಅಲ್ಲಿ ಆರಿಸಿಕೊಂಡದ್ದು ಭಾನುವಾರ. ಎರಡರಿಂದಲೂ ಕಲಿಯಬೇಕಾದ್ದು ಇಷ್ಟೇ: ಬರುವವರಿಗೆ ಬಿಡುವಿರುವ ದಿನ ನೋಡಿ, ಸಿಕ್ಕ ದಿನವನ್ನು ವರ್ಷವರ್ಷವೂ ಉಳಿಸಿಕೊಳ್ಳಿ.

ಮೊದಲ ಸಲಕ್ಕೆ ಶುಕ್ರವಾರ ಬೇಡ. ಜುಮಾಕ್ಕೆ ಮಸೀದಿ ತುಂಬಿರುತ್ತದೆ, ಅತಿಥಿಗಳು ಮೂಲೆಗೆ ಸರಿಯಬೇಕಾಗುತ್ತದೆ, ವಿವರಿಸಬೇಕಾದವರೇ ಸಾಲಿನಲ್ಲಿ ನಿಂತಿರುತ್ತಾರೆ.

ಹೊತ್ತಿನ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ. ಝುಹರ್ (ಮಧ್ಯಾಹ್ನ), ಅಸ್ರ್ (ಇಳಿಹೊತ್ತು) ನಮಾಝ್‌ಗಳಲ್ಲಿ ಇಮಾಮರು ಕುರ್‌ಆನ್ ಓದುವುದು ಮೆಲುದನಿಯಲ್ಲಿ; ನೋಡುವವರಿಗೆ ನಾಲ್ಕು ರಕಅತ್ (ನಿಂತು, ಬಾಗಿ, ಹಣೆಯಿಡುವ ಒಂದೊಂದು ಆವರ್ತ) ಹೆಚ್ಚುಕಡಿಮೆ ಮೌನವೇ. ಸೂರ್ಯಾಸ್ತದ ಮಗ್ರಿಬ್‌ನಲ್ಲಿ ಮೊದಲ ಎರಡು ರಕಅತ್‌ಗಳ ಓದು ಗಟ್ಟಿಯಾಗಿ ಕೇಳುತ್ತದೆ, ಕಡ್ಡಾಯದ ಭಾಗ ಒಟ್ಟು ಮೂರೇ ರಕಅತ್, ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಮೇಲಾಗಿ ಮಗ್ರಿಬ್‌ನ ಅವಧಿ ಚಿಕ್ಕದು, ಅಝಾನ್ ಆದ ಕೆಲವೇ ನಿಮಿಷಕ್ಕೆ ಜಮಾಅತ್ (ಸಾಮೂಹಿಕ ನಮಾಝ್) ನಿಲ್ಲುತ್ತದೆ, ಕಾಯುವ ಬೇಸರವಿಲ್ಲ. ಆದ್ದರಿಂದ ಅಸ್ರ್ ಮುಗಿದ ಮೇಲೆ ಶುರುಮಾಡಿ ಮಗ್ರಿಬ್‌ಗೆ ತಂದು ನಿಲ್ಲಿಸುವುದೇ ಒಳ್ಳೆಯ ಲೆಕ್ಕ. ಸೂರ್ಯಾಸ್ತ ಸಂಜೆ 6:30ಕ್ಕೆ ಎಂದಿಟ್ಟುಕೊಂಡರೆ ಹೀಗೆ ಹಂಚಬಹುದು:

4:50 – ಬಾಗಿಲು ತೆರೆ, ಚಪ್ಪಲಿ, ಟೋಕನ್
5:10 – ಸ್ವಾಗತ, ಐದೇ ನಿಮಿಷ
5:15 – ಗುಂಪುಗಳಾಗಿ ಮಸೀದಿ ಸುತ್ತು
5:45 – ಕುಳಿತು ಪ್ರಶ್ನೋತ್ತರ
6:20 – ನಮಾಝ್‌ನಲ್ಲಿ ಏನೇನು ನಡೆಯುತ್ತದೆ ಎಂಬ ವಿವರಣೆ
6:30 – ಅಝಾನ್, ನಮಾಝ್
6:45 – ಚಹಾ, ಹರಟೆ
7:15 – ಬೀಳ್ಕೊಡುಗೆ

ಸೂರ್ಯಾಸ್ತ ದಿನದಿನಕ್ಕೆ ಸರಿಯುತ್ತದೆ. ಕಳೆದ ವರ್ಷದ ಕರಪತ್ರದಿಂದ ಸಮಯ ನಕಲು ಮಾಡಿದರೆ, ಅದರಲ್ಲೂ ದಿನಾಂಕ ಬದಲಾಗಿದ್ದರೆ, ಪ್ರಶ್ನೋತ್ತರದ ನಡುವೆ ಅಝಾನ್ ಬಂದು ಕೂರುತ್ತದೆ. ಆ ದಿನದ ನಮಾಝ್ ವೇಳಾಪಟ್ಟಿ ನೋಡಿ, ಹಿಂದಕ್ಕೆ ಎಣಿಸಿ ಸಮಯ ಹಾಕಿ.

ಕರೆಯುವ ಬಗೆ

ಮೊದಲ ಸಲ 40ರಿಂದ 60 ಜನ ಸಾಕು. ಯಾರನ್ನು ಎಂಬುದು ಇನ್ನೂ ಮುಖ್ಯ. ಗೋಡೆಯಾಚೆ ಇರುವವರಿಗೆ, ಎದುರು ಸಾಲಿನ ಅಂಗಡಿಯವರಿಗೆ, ದಿನಾ ಐದು ಸಲ ಅಝಾನ್ ಕೇಳಿಸಿಕೊಳ್ಳುವವರಿಗೆ ಮೊದಲ ಕರೆ. ಗಣ್ಯರನ್ನು ಕರೆದಿರೋ, ಕಾರ್ಯಕ್ರಮದ ಆಕಾರವೇ ಬದಲಾಗುತ್ತದೆ. ವೇದಿಕೆ ಬರುತ್ತದೆ, ಹಾರ ಬರುತ್ತದೆ, ಒಬ್ಬರಾದ ಮೇಲೊಬ್ಬರು ಸೌಹಾರ್ದದ ಭಾಷಣ ಮಾಡುತ್ತಾರೆ, ವುಝೂ (ನಮಾಝ್‌ಗೆ ಮೊದಲು ಕೈಕಾಲು ಮುಖ ತೊಳೆಯುವುದು) ಮಾಡುವ ಜಾಗ ತೋರಿಸಲು ಸಮಯವೇ ಉಳಿಯುವುದಿಲ್ಲ. ಗಣ್ಯರು ಬರಲಿ, ಆದರೆ ಉಳಿದವರ ಹಾಗೆಯೇ ಟೋಕನ್ ಹಿಡಿದು ಬರಲಿ.

ಕರಪತ್ರ ಹಂಚುವುದಕ್ಕಿಂತ ಇಬ್ಬರು ಜೊತೆಯಾಗಿ ಮನೆಗೆ ಹೋಗಿ ಕರೆಯುವುದು ಮೇಲು. ಇಬ್ಬರಲ್ಲಿ ಒಬ್ಬರು ಹೆಂಗಸಾದರೆ ಇನ್ನೂ ಮೇಲು, ಆಗ ಆ ಮನೆಯ ಹೆಂಗಸರೂ ಬರುತ್ತಾರೆ. ಆಮಂತ್ರಣದಲ್ಲಿ ಉದಾತ್ತ ಮಾತು ಕಡಿಮೆ ಇರಲಿ, ಮುಜುಗರ ಕಳೆಯುವ ಮಾತು ಹೆಚ್ಚಿರಲಿ. ಹೀಗೆ:

“ನಮ್ಮ ಮಸೀದಿಯನ್ನು ಒಳಗಿಂದ ನೋಡಲು ಬನ್ನಿ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬರಬಹುದು. ಚಪ್ಪಲಿ ಬಿಡಲು ಜಾಗವಿದೆ. ಕಾಲುಚೀಲ ಹಾಕಿಕೊಂಡೇ ಒಳಗೆ ನಡೆಯಬಹುದು. ತೋಳು, ಮೊಣಕಾಲು ಮುಚ್ಚುವ ಯಾವುದೇ ಉಡುಪು ಸಾಕು. ತಲೆಗೆ ಬಟ್ಟೆ ಬೇಕೆನಿಸಿದರೆ ನಮ್ಮಲ್ಲಿದೆ. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ ಇದೆ. ನಮಾಝ್ ನಡೆಯುವಾಗ ಕುಳಿತು ನೋಡಬಹುದು, ಅದರಲ್ಲಿ ಸೇರಿಕೊಳ್ಳಲು ಯಾರೂ ಹೇಳುವುದಿಲ್ಲ. ಯಾವ ಪ್ರಶ್ನೆ ಬೇಕಾದರೂ ಕೇಳಬಹುದು. ನಡುವೆ ಎದ್ದು ಹೋಗಬೇಕಾದರೂ ಅಡ್ಡಿಯಿಲ್ಲ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಹೋಗುವ ದಾರಿ ತೆರೆದಿದೆ ಎಂದು ಗೊತ್ತಿದ್ದವರು ಹೆಚ್ಚು ಹೊತ್ತು ಕೂರುತ್ತಾರೆ.

ಪ್ರವಾಸಿಗರು ದಿನವೂ ಬರುವ ದೊಡ್ಡ ಮಸೀದಿಗಳು ಈ ಪಾಠವನ್ನು ಚೆನ್ನಾಗಿ ಕಲಿತಿವೆ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಸೀದಿ ಬೆಳಗಿನ ಹೊತ್ತನ್ನು ಹೊರಗಿನವರಿಗೆಂದೇ ಮೀಸಲಿಟ್ಟಿದೆ, ಶುಕ್ರವಾರ ಬಿಟ್ಟು. ಇಸ್ತಾಂಬುಲ್‌ನ ಸುಲ್ತಾನ್ ಅಹ್ಮದ್ ಮಸೀದಿ ನಮಾಝ್ ಹೊತ್ತಿಗೆ ಪ್ರವಾಸಿಗರನ್ನು ಹೊರಗೆ ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಬಿಡುತ್ತದೆ. ಉಡುಪು ಹೇಗಿರಬೇಕು, ಯಾವಾಗ ಬರಬಹುದು ಎಂಬುದು ಬಾಗಿಲಿಗೆ ಬರುವ ಮೊದಲೇ ಗೊತ್ತಿರುತ್ತದೆ.

ಚಪ್ಪಲಿ, ನೀರು, ನೆಲ

ಒಂದು ಜೊತೆ ಚಪ್ಪಲಿಗೆ ಸುಮಾರು 25 ಸೆಂಟಿಮೀಟರ್ ಅಗಲ ಬೇಕು. ಒಂದು ಮೀಟರ್ ಉದ್ದದ, ನಾಲ್ಕು ಅಂತಸ್ತಿನ ಸ್ಟ್ಯಾಂಡಿನಲ್ಲಿ 16 ಜೊತೆ ಹಿಡಿಯುತ್ತವೆ. 60 ಅತಿಥಿಗಳಿಗೆ ಅಂಥ ನಾಲ್ಕು ಸ್ಟ್ಯಾಂಡ್. ಇದು ನಮಾಝಿಗಳ ದಿನನಿತ್ಯದ ಸ್ಟ್ಯಾಂಡಿನಿಂದ ಬೇರೆಯೇ ಇರಬೇಕು. ಮಗ್ರಿಬ್ ಹೊತ್ತಿಗೆ ಓಡೋಡಿ ಬಂದವರು ಕಂಡಲ್ಲಿ ಚಪ್ಪಲಿ ಕಳಚುತ್ತಾರೆ, ಹೊರಡುವಾಗ ಅವಸರದಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋಗುತ್ತಾರೆ. ಮಸೀದಿ ನೋಡಲು ಬಂದು ಚಪ್ಪಲಿ ಕಳೆದುಕೊಂಡವರಿಗೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಒಂದೇ ಸಂಖ್ಯೆಯ ಎರಡು ಟೋಕನ್ ಮಾಡಿ ಒಂದನ್ನು ಚಪ್ಪಲಿಗೆ, ಇನ್ನೊಂದನ್ನು ಕೈಗೆ ಕೊಡಿ. ಸ್ಟ್ಯಾಂಡಿನ ಬಳಿ ಒಬ್ಬರು ಕೊನೆಯವರೆಗೂ ಇರಲಿ.

ಎಲ್ಲಿಯವರೆಗೆ ಚಪ್ಪಲಿಯಲ್ಲಿ ಬರಬಹುದು ಎಂಬುದಕ್ಕೆ ನೆಲದ ಮೇಲೆ ಅಗಲವಾದ ಬಣ್ಣದ ಟೇಪಿನ ಗೆರೆ ಹಾಕಿ. ಗೆರೆ ಇಲ್ಲದಿದ್ದರೆ ಕೆಲವರು ರಸ್ತೆಯಲ್ಲೇ ಕಳಚುತ್ತಾರೆ, ಕೆಲವರು ಕಾರ್ಪೆಟ್ಟಿನವರೆಗೂ ಬರುತ್ತಾರೆ. ಗೆರೆಯ ಪಕ್ಕ ಒಂದು ಬೆಂಚು ಬೇಕೇ ಬೇಕು. ವಯಸ್ಸಾದವರು ನಿಂತು ಲೇಸ್ ಬಿಚ್ಚಲಾರರು.

ಚಪ್ಪಲಿ ಏಕೆ ಬಿಡಬೇಕು ಎಂಬುದಕ್ಕೆ “ಪವಿತ್ರ ಜಾಗ” ಎಂದಷ್ಟೇ ಹೇಳಬೇಡಿ, ಎಲ್ಲರೂ ಹೇಳುವ ಮಾತು ಅದು. ಸುಜೂದ್‌ನಲ್ಲಿ, ಎಂದರೆ ನೆಲಕ್ಕೆ ಹಣೆಯಿಟ್ಟು ಬಾಗುವಾಗ, ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳು, ಹೀಗೆ ಏಳು ಕಡೆ ಮೈ ನೆಲಕ್ಕೆ ತಾಗುತ್ತದೆ. “ನೀವು ನಿಂತಿರುವಲ್ಲೇ ಇನ್ನೊಂದು ಗಂಟೆಗೆ ಯಾರೋ ಹಣೆ ಇಡುತ್ತಾರೆ” ಎಂದರೆ ಮಕ್ಕಳಿಗೂ ತಟ್ಟನೆ ಅರ್ಥವಾಗುತ್ತದೆ.

ಕಾಲುಚೀಲದಲ್ಲಿ ನಡೆಯುವವರಿಗೆ ವುಝೂ ಜಾಗದ ಒದ್ದೆ ನೆಲ ಅಪಾಯ. ಹೌಝ್ (ನೀರಿನ ತೊಟ್ಟಿ) ಅಥವಾ ನಲ್ಲಿ ಸಾಲಿನಿಂದ ಪ್ರಾರ್ಥನಾ ಕೋಣೆಯವರೆಗೆ ರಬ್ಬರ್ ಚಾಪೆ ಹಾಸಿ, ಅಸ್ರ್ ಮುಗಿದ ತಕ್ಷಣ ನೆಲ ಒರೆಸಿ. ವೀಲ್‌ಚೇರ್‌ನಲ್ಲಿ ಬಂದವರನ್ನು ಬಾಗಿಲಲ್ಲೇ ತಡೆದು ಗೊಂದಲ ಮಾಡಿಕೊಳ್ಳಬೇಡಿ. ಒದ್ದೆ ಬಟ್ಟೆಯಲ್ಲಿ ಚಕ್ರ ಒರೆಸಿ, ಬೇಕಿದ್ದರೆ ಕಾರ್ಪೆಟ್ಟಿನ ಮೇಲೆ ಉದ್ದನೆಯ ಚಾಪೆ ಹಾಸಿ ಕರೆದುಕೊಂಡು ಬನ್ನಿ. ಒರೆಸುವ ಬಟ್ಟೆ ಮೊದಲೇ ಅಲ್ಲಿರಬೇಕು, ಹುಡುಕಲು ಹೋಗಬಾರದು.

ತಲೆಬಟ್ಟೆ 25ರಷ್ಟು, ಒಗೆದು ಇಸ್ತ್ರಿ ಮಾಡಿ, ಬುಟ್ಟಿಯಲ್ಲಿಟ್ಟು ಪಕ್ಕದಲ್ಲಿ ಸೇಫ್ಟಿ ಪಿನ್ ಇಡಿ. ಕೊಡುವವರು ಹೆಂಗಸರೇ ಆಗಿರಲಿ. ಮುಟ್ಟಿನ ವಿಷಯ ಯಾರೂ ಯಾರನ್ನೂ ಕೇಳಕೂಡದು. ಆ ಬಗೆಗಿನ ಫಿಕ್‌ಹ್ (ಧರ್ಮಶಾಸ್ತ್ರ) ಚರ್ಚೆ ಮುಸ್ಲಿಮ್ ಮಹಿಳೆಯರಿಗೆ ಸಂಬಂಧಿಸಿದ್ದು. ಅತಿಥಿಯನ್ನು ಬಾಗಿಲಲ್ಲಿ ಕೇಳುವುದು ಬರೀ ಅವಮಾನ.

ವಿವರಿಸುವವರು

12ರಿಂದ 15 ಜನಕ್ಕೆ ಇಬ್ಬರು ಬೇಕು. ಒಬ್ಬರು ಮುಂದೆ ಮಾತಾಡುತ್ತಾರೆ, ಇನ್ನೊಬ್ಬರು ಹಿಂದೆ ಉಳಿದವರನ್ನು, ಮಕ್ಕಳನ್ನು, ನಮಾಝ್ ಮಾಡುತ್ತಿರುವವರ ಮುಂದೆ ಹಾದುಹೋಗುವವರನ್ನು ನೋಡಿಕೊಳ್ಳುತ್ತಾರೆ. ಒಟ್ಟು ತಂಡದಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಲಿ.

ಹೆಚ್ಚು ಓದಿದವರೇ ಒಳ್ಳೆಯ ಮಾರ್ಗದರ್ಶಕರು ಎಂದೇನಿಲ್ಲ. ಬಹಳ ಬಲ್ಲವರು ಮಿಹ್ರಾಬಿನ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿಬಿಡುತ್ತಾರೆ. ಅಂಗಡಿ ನಡೆಸುವವರು, ಶಿಕ್ಷಕರು, ನರ್ಸ್ ಕೆಲಸದವರು, ದಿನವಿಡೀ ಎಲ್ಲ ಬಗೆಯ ಜನರ ಜೊತೆ ಮಾತಾಡಿ ರೂಢಿಯಿದ್ದವರು ಚೆನ್ನಾಗಿ ನಿಭಾಯಿಸುತ್ತಾರೆ. ಅವರಿಗೆ ಮೂರು ಕಟ್ಟಪ್ಪಣೆ: ಅರಬಿ ಪದ ಬಳಸಿದರೆ ಅದೇ ಉಸಿರಿನಲ್ಲಿ ಅರ್ಥ ಹೇಳಬೇಕು. “ನಿಮ್ಮಲ್ಲಿ ಹೀಗೆ, ನಮ್ಮಲ್ಲಿ ಹಾಗೆ” ಎಂಬ ಹೋಲಿಕೆ ಕೂಡದು, ಹೊಗಳಿಕೆಗೂ ಕೂಡದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ವಾರ ಮೊದಲೇ ಒಂದು ಸಂಜೆ, ಮನೆಯವರನ್ನೇ ಅತಿಥಿಗಳೆಂದು ನಿಲ್ಲಿಸಿ, ಗಡಿಯಾರ ಹಿಡಿದು ಪೂರ್ತಿ ಸುತ್ತು ಹಾಕಿಸಿ ನೋಡಿ. ಎಲ್ಲಿ ಮಾತು ಉದ್ದವಾಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ.

ಸುತ್ತು: ಎಲ್ಲೆಲ್ಲಿ ನಿಲ್ಲಬೇಕು

ಅಂಗಳದಲ್ಲಿ ಅಝಾನ್‌ನಿಂದ ಶುರುಮಾಡಿ. ನೆರೆಯವರು ವರ್ಷಗಟ್ಟಲೆ ಕೇಳಿದ್ದಾರೆ, ಏನು ಹೇಳುತ್ತಾರೆಂದು ಗೊತ್ತಿಲ್ಲ. “ಅಲ್ಲಾಹು ಅಕ್ಬರ್” ನಾಲ್ಕು ಸಲ: ದೇವನು ಎಲ್ಲಕ್ಕಿಂತ ದೊಡ್ಡವನು. ಅಕ್ಬರ್ ಎಂದರೆ ಇಲ್ಲಿ ಯಾವ ರಾಜನ ಹೆಸರೂ ಅಲ್ಲ ಎಂದು ನಗುತ್ತಲೇ ಹೇಳಬಹುದು, ಹಾಗೆ ತಿಳಿದವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಆಮೇಲೆ ಎರಡು ಸಾಕ್ಷಿ ವಚನಗಳು (ಅಲ್ಲಾಹನ ಹೊರತು ಆರಾಧ್ಯರಿಲ್ಲ, ಮುಹಮ್ಮದರು ಅವನ ಸಂದೇಶವಾಹಕರು) ಎರಡೆರಡು ಸಲ. “ನಮಾಝ್‌ಗೆ ಬನ್ನಿ” ಎಂದು ಬಲಕ್ಕೆ ಮುಖ ತಿರುಗಿಸಿ ಎರಡು ಸಲ, “ವಿಜಯದತ್ತ ಬನ್ನಿ” ಎಂದು ಎಡಕ್ಕೆ ತಿರುಗಿಸಿ ಎರಡು ಸಲ. ಮತ್ತೆ “ಅಲ್ಲಾಹು ಅಕ್ಬರ್” ಎರಡು, ಕೊನೆಗೆ “ಅಲ್ಲಾಹನ ಹೊರತು ಆರಾಧ್ಯರಿಲ್ಲ” ಒಂದು. ಹನಫಿ ರೂಢಿಯಲ್ಲಿ ಒಟ್ಟು 15 ವಾಕ್ಯ. ಸುನ್ನಿ ಮಸೀದಿಗಳಲ್ಲಿ ನಸುಕಿನ ಅಝಾನ್‌ಗೆ ಮಾತ್ರ “ನಿದ್ದೆಗಿಂತ ನಮಾಝ್ ಲೇಸು” ಎಂಬ ಸಾಲು ಸೇರುತ್ತದೆ. ಬೆಳಗಿನ ಜಾವ ಎಚ್ಚರಗೊಂಡು ಕೇಳಿಸಿಕೊಂಡವರು ಇದಕ್ಕೆ ಮನಸಾರೆ ನಗುತ್ತಾರೆ. ಅರ್ಥ ಬರೆದ ಚೀಟಿಯನ್ನು ಎಲ್ಲರ ಕೈಗೆ ಕೊಟ್ಟಿಡಿ. ಮಗ್ರಿಬ್ ಅಝಾನ್ ಆಗುವಾಗ ಸಾಲು ಸಾಲಾಗಿ ಹಿಡಿದುಕೊಂಡು ಕೇಳುತ್ತಾರೆ.

ಎರಡನೆಯದು ವುಝೂ. ವಿವರಿಸಬೇಡಿ, ಒಬ್ಬರು ಮಾಡಿ ತೋರಿಸಲಿ, ಇನ್ನೊಬ್ಬರು ಹೇಳಲಿ. ಮನಸ್ಸಿನಲ್ಲಿ ಸಂಕಲ್ಪ. ಮಣಿಕಟ್ಟಿನವರೆಗೆ ಕೈ ಮೂರು ಸಲ. ಬಾಯಿ ಮುಕ್ಕಳಿಸುವುದು ಮೂರು ಸಲ, ಮೂಗಿಗೆ ನೀರು ಮೂರು ಸಲ. ಹಣೆಯ ಕೂದಲಿನಿಂದ ಗಲ್ಲದವರೆಗೆ ಮುಖ ಮೂರು ಸಲ. ಬಲಗೈ, ಆಮೇಲೆ ಎಡಗೈ, ಮೊಣಕೈ ಸೇರಿಸಿ ಮೂರು ಮೂರು ಸಲ. ಒದ್ದೆ ಕೈಯಿಂದ ತಲೆ ಸವರಿ, ಕಿವಿಯ ಒಳಹೊರಗೆ ಬೆರಳಾಡಿಸುವುದು. ಕೊನೆಗೆ ಹರಡಿನ ಗಂಟು ಸೇರಿಸಿ ಪಾದ, ಬೆರಳ ಸಂದು ಬಿಡದೆ.

ಇಲ್ಲಿ ಒಂದು ಉಪಾಯ: ನಲ್ಲಿ ಬಿಟ್ಟುಕೊಂಡು ತೋರಿಸಬೇಡಿ, ನೀರು ಸುಮ್ಮನೆ ಹರಿಯುವುದೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಒಂದು ಲೀಟರ್ ಹಿಡಿಯುವ ಹೂಜಿ ಇಟ್ಟುಕೊಳ್ಳಿ. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್ ಇದೆ. ಎರಡೂ ಕೈ ಕೂಡಿಸಿದ ಒಂದು ಬೊಗಸೆಯಷ್ಟು ಅಳತೆ ಅದು, ಹೆಚ್ಚಿನವರ ಲೆಕ್ಕದಲ್ಲಿ ಮುಕ್ಕಾಲು ಲೀಟರಿಗೂ ಕಡಿಮೆ. ಮಾಡಿ ತೋರಿಸಿದ ಮೇಲೆ ಹೂಜಿ ಬಗ್ಗಿಸಿ ಉಳಿದ ನೀರನ್ನು ತೋರಿಸಿ. ಆದರೆ ತೋರಿಸುವವರು ನಾಲ್ಕು ದಿನ ಮೊದಲೇ ಅಭ್ಯಾಸ ಮಾಡಿರಬೇಕು. ನಲ್ಲಿಗೆ ಒಗ್ಗಿದ ಕೈಗೆ ಲೀಟರ್ ನೀರು ಮೊಣಕೈಗೆ ಬರುವಷ್ಟರಲ್ಲೇ ಖಾಲಿಯಾಗುತ್ತದೆ.

ಮೂರನೆಯದು ಪ್ರಾರ್ಥನಾ ಕೋಣೆ. ಒಳಗೆ ಬಂದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಬಿಟ್ಟುಬಿಡಿ. ಬಂದವರ ಕಣ್ಣು ಏನನ್ನೋ ಹುಡುಕುತ್ತದೆ: ವಿಗ್ರಹವಿಲ್ಲ, ಚಿತ್ರವಿಲ್ಲ, ಪೀಠವಿಲ್ಲ, ಖಾಲಿ. “ಇಷ್ಟೇನಾ?” ಎಂದು ಯಾರಾದರೂ ಕೇಳಿದರೆ ಒಳ್ಳೆಯ ಪ್ರಶ್ನೆ, ಅಲ್ಲಿಂದಲೇ ಮಾತು ಎತ್ತಿಕೊಳ್ಳಿ. ಕಾರ್ಪೆಟ್ಟಿನ ಗೆರೆಗಳು ಸಾಲು ನಿಲ್ಲುವುದಕ್ಕೆ; ಸಾಲಿನಿಂದ ಸಾಲಿಗೆ ಸುಮಾರು 1.2 ಮೀಟರ್, ಸುಜೂದ್ ಮಾಡಲು ಬೇಕಾಗುವಷ್ಟು. ಮೊದಲು ಬಂದವರು ಮುಂದಿನ ಸಾಲಿಗೆ, ಯಾರ ಹೆಸರಿನಲ್ಲೂ ಜಾಗ ಕಾದಿರಿಸುವುದಿಲ್ಲ.

ಗೋಡೆಯ ಗೂಡು ಮಿಹ್ರಾಬ್, ಅದು ಕಿಬ್ಲಾ ಎಂದರೆ ಮಕ್ಕಾದ ಕಅಬಾ ಇರುವ ದಿಕ್ಕನ್ನು ತೋರಿಸುತ್ತದೆ. ಮುಸ್ಲಿಮರು ಪಶ್ಚಿಮ ದಿಕ್ಕನ್ನು ಪೂಜಿಸುತ್ತಾರೆ ಎಂದುಕೊಂಡವರು ಬಹಳ. ಮಕ್ಕಾದಿಂದ ಪೂರ್ವಕ್ಕಿರುವ ನಾಡುಗಳಲ್ಲಿ ಪಶ್ಚಿಮದ ಕಡೆ, ಪಶ್ಚಿಮ ಯುರೋಪಿನಲ್ಲಿ ಆಗ್ನೇಯಕ್ಕೆ, ಉತ್ತರ ಅಮೆರಿಕದ ಹೆಚ್ಚಿನ ಊರುಗಳಲ್ಲಿ ಈಶಾನ್ಯಕ್ಕೆ ಮುಖ ಮಾಡುತ್ತಾರೆ ಎಂದು ಭೂಪಟದಲ್ಲಿ ತೋರಿಸಿದರೆ ಮಾತಿಲ್ಲದೆ ಮುಗಿಯಿತು. 624ರಲ್ಲಿ ಬದಲಾಗುವವರೆಗೆ ಕಿಬ್ಲಾ ಜೆರುಸಲೇಮ್ ಆಗಿತ್ತು ಎಂಬುದನ್ನೂ ಹೇಳಿ, ಯಹೂದಿ, ಕ್ರೈಸ್ತ ಅತಿಥಿಗಳಿಗೆ ಅದು ಕುತೂಹಲದ ವಿಷಯ. ಮಿಂಬರ್ (ಪ್ರವಚನದ ಮೆಟ್ಟಿಲು), ಗಡಿಯಾರಗಳ ಸಾಲು, ನಮಾಝ್ ವೇಳೆಯ ಹಲಗೆ ಇವಕ್ಕೆ ಒಂದೊಂದು ವಾಕ್ಯ ಸಾಕು. ಕುರ್‌ಆನ್ ಕಪಾಟಿನ ಬಳಿ ಅತಿಥಿಗಳು ತೆರೆದು ನೋಡಲೆಂದೇ ಅವರ ಭಾಷೆಯ ಅನುವಾದದ ಪ್ರತಿ ಬೇರೆ ಇಡಿ. ಅರಬಿ ಮೂಲಪ್ರತಿಯನ್ನು ವುಝೂ ಇಲ್ಲದೆ ಮುಟ್ಟುವುದಿಲ್ಲವೆಂಬ ರೂಢಿಯಿಂದ ಕೈಯಿಂದ ಕಸಿದುಕೊಳ್ಳುವ ಸಂದರ್ಭ ಬರಬಾರದು.

ಕೆಲವು ಮಸೀದಿಗಳ ಹಿಂಬದಿ ಜನಾಝಾದ ಚಟ್ಟ ನಿಂತಿರುತ್ತದೆ. ಬಟ್ಟೆ ಹೊದಿಸಿ ಮುಚ್ಚಿಡುವ ಬದಲು ತೋರಿಸಿ. ಬಡವ ಬಲ್ಲಿದ ಎಲ್ಲರನ್ನೂ ಒಯ್ಯುವುದು ಇದೇ ಒಂದರಲ್ಲಿ ಎಂದಾಗ ಗುಂಪು ಸದ್ದಿಲ್ಲದೆ ನಿಲ್ಲುತ್ತದೆ. ಅಲ್ಲಿ ಹೆಚ್ಚು ಮಾತಾಡಬೇಡಿ.

ನಮಾಝ್ ನೋಡುವಾಗ

ಅತಿಥಿಗಳನ್ನು ಕೋಣೆಯ ಹಿಂಬದಿ ಒಂದು ಪಕ್ಕಕ್ಕೆ ಕೂರಿಸಿ. ನೇರ ಹಿಂದೆ ಕೂರಿಸಿದರೆ ಸುಜೂದ್‌ನಲ್ಲಿ ಬಾಗಿದವರ ಬೆನ್ನಷ್ಟೇ ಕಾಣುತ್ತದೆ. ಪಕ್ಕದಿಂದ ನೋಡಿದರೆ ಸಾಲು ಒಟ್ಟಿಗೆ ಬಾಗಿ ಏಳುವುದು ಚಂದ ಕಾಣುತ್ತದೆ. ಹತ್ತು ಹದಿನೈದು ಕುರ್ಚಿ ಇರಲಿ, ಕೊನೆಯ ಸಾಲಿನಿಂದ ಎರಡು ಸಾಲಿನಷ್ಟು ಜಾಗ ಬಿಟ್ಟು. ತಡವಾಗಿ ಬಂದ ನಮಾಝಿಗಳು ಆ ಖಾಲಿ ಜಾಗದಲ್ಲೇ ಸೇರಿಕೊಳ್ಳುತ್ತಾರೆ.

ವಿವರಣೆ ಎಲ್ಲ ಮೊದಲೇ ಮುಗಿದಿರಬೇಕು. ನಡೆಯುವಾಗ ಪಿಸುದನಿಯ ವೀಕ್ಷಕ ವಿವರಣೆ ಬೇಡ. ಫೋನ್ ಸದ್ದಡಗಿಸಿ, ನಮಾಝ್ ಮಾಡುವವರ ಮುಂದೆ ಹಾಯಬೇಡಿ ಎಂಬ ಎರಡೇ ಸೂಚನೆ. ಕಟ್ಟಡದ ಫೋಟೊ ತೆಗೆಯಬಹುದು, ನಮಾಝ್ ಮಾಡುವವರದ್ದು ಬೇಡ ಎಂದು ಸುತ್ತಿನ ಆರಂಭದಲ್ಲೇ ಹೇಳಿಬಿಡಿ. ಕ್ಯಾಮೆರಾ ಎತ್ತಿದ ಮೇಲೆ ತಡೆದರೆ ಇಬ್ಬರಿಗೂ ಕಿರಿಕಿರಿ. ಇಮಾಮರು ಆವತ್ತು ಎಂದಿಗಿಂತ ಉದ್ದನೆಯ ಸೂರಾ (ಕುರ್‌ಆನಿನ ಅಧ್ಯಾಯ) ಓದುವ ಉತ್ಸಾಹ ತೋರಬಾರದು. ಕಡ್ಡಾಯ ಭಾಗ ಮುಗಿದ ಮೇಲೆ ಕೆಲವರು ಏಳುತ್ತಾರೆ, ಕೆಲವರು ಬೇರೆಬೇರೆಯಾಗಿ ಸುನ್ನತ್ (ಕಡ್ಡಾಯವಲ್ಲದ) ನಮಾಝ್ ಮಾಡುತ್ತಾರೆ. ಅತಿಥಿಗಳಿಗೆ ಮುಗಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಹಿಂದೆ ನಿಂತ ಮಾರ್ಗದರ್ಶಕರು ಆಗ ಎದ್ದು ಚಹಾದ ಕಡೆ ಕರೆಯಬೇಕು.

ಯಾರಾದರೂ ಮಿಹ್ರಾಬಿನ ಕಡೆ ಕೈಮುಗಿದರೆ, ತಮ್ಮ ರೀತಿಯಲ್ಲಿ ತಲೆಬಾಗಿದರೆ ಸುಮ್ಮನಿರಿ. ಅವರಿಗೆ ಗೊತ್ತಿರುವ ಗೌರವ ಅದು.

ಪ್ರಶ್ನೋತ್ತರ

ಕಾರ್ಯಕ್ರಮ ಗೆಲ್ಲುವುದೂ ಸೋಲುವುದೂ ಈ ಅರ್ಧ ಗಂಟೆಯಲ್ಲಿ. “ಪ್ರಶ್ನೆ ಕೇಳಿ” ಎಂದರೆ ಮೊದಲು ಯಾರೂ ಕೇಳುವುದಿಲ್ಲ, ಕೇಳಿದರೂ ಹೊಗಳಿಕೆಯ ಪ್ರಶ್ನೆ. ಬಾಗಿಲಲ್ಲೇ ಚೀಟಿ, ಪೆನ್ಸಿಲ್ ಕೊಟ್ಟು ಹೆಸರಿಲ್ಲದೆ ಬರೆದು ಡಬ್ಬಿಗೆ ಹಾಕಲು ಹೇಳಿ. ಆಗ ಮನಸ್ಸಿನಲ್ಲಿರುವುದು ಹೊರಬರುತ್ತದೆ. ಚೀಟಿಗಳನ್ನು ಆರಿಸದೆ, ಬಂದ ಹಾಗೆಯೇ ಎತ್ತಿ ಓದಿ. ಒಂದೆರಡನ್ನು ಮಡಚಿ ಜೇಬಿಗೆ ಹಾಕಿದ್ದು ಕಂಡರೆ ಉಳಿದ ಉತ್ತರಗಳನ್ನೂ ಯಾರೂ ನಂಬುವುದಿಲ್ಲ.

ಉತ್ತರಿಸಲು ಇಬ್ಬರು, ಒಬ್ಬ ಪುರುಷ, ಒಬ್ಬ ಮಹಿಳೆ. ಒಂದು ಉತ್ತರಕ್ಕೆ ಎರಡು ನಿಮಿಷ. ಸಭೆಯಿಂದ ಮೂರನೆಯವರು ಎದ್ದು “ನಾನು ಸ್ವಲ್ಪ ಸೇರಿಸುತ್ತೇನೆ” ಎಂದರೆ ನಿರ್ವಾಹಕರು ನಯವಾಗಿ ಕೂರಿಸಬೇಕು, ಸೇರಿಸುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಖಂಡಿತ ಬರುವ ಪ್ರಶ್ನೆಗಳಿಗೆ ಮೊದಲೇ ಕುಳಿತು ಯೋಚಿಸಿ. ಹೆಂಗಸರು ಮಸೀದಿಗೆ ಬರಬಹುದೇ ಎಂಬುದು ಅದರಲ್ಲಿ ಮೊದಲನೆಯದು. “ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ” ಎಂಬ ಹದೀಸ್ ಇದೆ, ಆದರೆ ರೂಢಿ ಊರಿಂದ ಊರಿಗೆ, ಪಂಗಡದಿಂದ ಪಂಗಡಕ್ಕೆ ಬೇರೆ. ನಿಮ್ಮ ಮಸೀದಿಯಲ್ಲಿ ಹೆಂಗಸರಿಗೆ ಜಾಗವಿಲ್ಲದಿದ್ದರೆ ಹದೀಸ್ ಹೇಳಿ ಜಾರಿಕೊಳ್ಳಬೇಡಿ. “ಸದ್ಯ ಇಲ್ಲಿಲ್ಲ” ಎಂದು ಹೇಳಿ, ಕಾರಣವನ್ನೂ ಹೇಳಿ. ಅತಿಥಿಗಳಿಗೆ ಕಣ್ಣಿದೆ.

ಹಿಂಸಾಚಾರದ ಬಗ್ಗೆ ಪ್ರಶ್ನೆ ಬಂದಾಗ ಸಿಟ್ಟಾಗುವುದೂ ಬೇಡ, ಅರ್ಧ ಗಂಟೆ ಸಮಜಾಯಿಷಿಯೂ ಬೇಡ. ಸ್ಪಷ್ಟವಾಗಿ ಖಂಡಿಸಿ ಮುಂದೆ ಹೋಗಿ. ಮತಾಂತರದ ಪ್ರಶ್ನೆಗೆ ನಿಮ್ಮ ನಡವಳಿಕೆಯೇ ಉತ್ತರ: ಅವತ್ತು ಯಾರಿಗೂ ಧರ್ಮಕ್ಕೆ ಕರೆ ಕೊಡುವುದಿಲ್ಲ, ಪುಸ್ತಕವನ್ನು ಕೈಗೆ ತುರುಕುವುದಿಲ್ಲ ಎಂದು ತಂಡದೊಳಗೆ ತೀರ್ಮಾನವಾಗಿರಬೇಕು. ಪುಸ್ತಕಗಳು ಹೊರಬಾಗಿಲ ಬಳಿ ಮೇಜಿನ ಮೇಲಿರಲಿ, ಬೇಕಾದವರು ಎತ್ತಿಕೊಳ್ಳಲಿ. ಕಾಣಿಕೆ ಡಬ್ಬಿಯನ್ನೂ ಆ ದಿನ ಒಳಗಿಡಿ.

ನೆರೆಯವರು ಮೈಕಿನ ಸದ್ದು, ಶುಕ್ರವಾರ ಗೇಟಿಗೆ ಅಡ್ಡ ನಿಲ್ಲುವ ವಾಹನಗಳ ಬಗ್ಗೆ ದೂರು ಹೇಳಿದರೆ ಖುಷಿಪಡಿ, ಅಷ್ಟರಮಟ್ಟಿಗೆ ಅವರಿಗೆ ಸಲಿಗೆ ಬಂದಿದೆ. ಅದಕ್ಕೆ ಧಾರ್ಮಿಕ ಉತ್ತರ ಕೊಡಲು ಹೋಗಬೇಡಿ. ಅವರೆದುರೇ ಬರೆದುಕೊಳ್ಳಿ, ಕಮಿಟಿಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಎಂದು ಉತ್ತರ ಕೊಡುತ್ತಾರೆ ಎಂದು ಹೇಳಿ. ಸ್ಪೀಕರಿನ ದಿಕ್ಕು ಸ್ವಲ್ಪ ತಿರುಗಿಸಿದರೆ, ಜುಮಾ ಹೊತ್ತಿಗೆ ಗೇಟಿನ ಬಳಿ ಇಬ್ಬರು ಸ್ವಯಂಸೇವಕರು ನಿಂತರೆ ಮುಗಿಯುವ ದೂರುಗಳೇ ಹೆಚ್ಚು.

ಚಹಾ ಮತ್ತು ಆಮೇಲೆ

ತಿಂಡಿ ಸರಳವಾಗಿರಲಿ, ಮಾಂಸ, ಮೊಟ್ಟೆ ಇಲ್ಲದ್ದಾಗಿರಲಿ, ಏನೇನು ಹಾಕಿದೆ ಎಂಬ ಚೀಟಿ ತಟ್ಟೆಯ ಮುಂದೆ ಇರಲಿ. ಅನುಮಾನದಲ್ಲಿ ತಿನ್ನದೆ ನಿಲ್ಲುವವರನ್ನು ಒತ್ತಾಯಿಸಬೇಡಿ. ಕಮಿಟಿಯವರು ಒಂದೇ ಕಡೆ ಗುಂಪಾಗಿ ನಿಲ್ಲದೆ ಚದುರಿಕೊಳ್ಳಬೇಕು. ನಿಜವಾದ ಪರಿಚಯ ಆಗುವುದು ಲೋಟ ಹಿಡಿದು ನಿಂತಾಗ, ಮಕ್ಕಳ ಶಾಲೆ, ಬೀದಿಯ ನೀರಿನ ತೊಂದರೆ ಇಂಥ ಮಾತಿನಲ್ಲಿ. ರಮಝಾನಿನಲ್ಲಿ ಇಫ್ತಾರ್‌ಗೆ ಕರೆಯುವುದಾದರೆ ಈ ಮೇಲಿನ ಸುತ್ತು, ಪ್ರಶ್ನೋತ್ತರ ಎರಡನ್ನೂ ಅರ್ಧಕ್ಕೆ ಇಳಿಸಿ. ಉಪವಾಸವಿದ್ದವರ ಗಂಟಲು ಸಂಜೆಯ ಹೊತ್ತಿಗೆ ಒಣಗಿರುತ್ತದೆ, ತಾಳ್ಮೆಯೂ ತೆಳುವಾಗಿರುತ್ತದೆ.

ಅತಿಥಿಗಳು ತಮ್ಮ ದೇವಸ್ಥಾನಕ್ಕೋ ಚರ್ಚಿಗೋ ಬನ್ನಿ ಎಂದು ಕರೆದರೆ ಅಲ್ಲಿಯೇ ದಿನ ಗೊತ್ತುಮಾಡಿ. “ನೋಡೋಣ” ಎಂದವರು ಹೋಗುವುದಿಲ್ಲ.

ಅದೇ ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ತಂಡ ಹತ್ತು ನಿಮಿಷ ಕೂರಲಿ. ಟೋಕನ್ ಎಣಿಸಿದರೆ ಎಷ್ಟು ಜನ ಬಂದರೆಂದು ನಿಖರವಾಗಿ ತಿಳಿಯುತ್ತದೆ. ಡಬ್ಬಿಯಲ್ಲಿ ಓದದೆ ಉಳಿದ ಚೀಟಿಗಳನ್ನು ತೆಗೆದು ಬರೆದಿಡಿ, ಮುಂದಿನ ಸಲದ ತಯಾರಿ ಅಲ್ಲಿಂದಲೇ. ಉತ್ತರ ಕೊಡುತ್ತೇವೆಂದು ಬರೆದುಕೊಂಡ ದೂರುಗಳ ಎದುರು ಒಂದೊಂದು ಹೆಸರು, ಒಂದೊಂದು ದಿನಾಂಕ ಹಾಕಿ. ತಲೆಬಟ್ಟೆಗಳನ್ನು ಒಗೆಯಲು ಯಾರು ಒಯ್ಯುತ್ತಾರೆಂದು ಗೊತ್ತುಮಾಡಿ, ಪಿನ್ನುಗಳನ್ನು ಕಾರ್ಪೆಟ್ಟಿನಿಂದ ಆರಿಸಿ ತೆಗೆಯಿರಿ, ನಸುಕಿನ ನಮಾಝ್‌ಗೆ ಮೊದಲೇ.